ಹಸಿರು ಒತ್ತಿದರೆ ಏನಾಗುತ್ತದೆ

ಮೊಬೈಲ್ ಆ್ಯಪ್‌ಗಳಲ್ಲಿ ನೀವು ಒತ್ತುವ ಬಟನ್‌ಗಳ ಚಿತ್ರ ಬಿಡಿಸುವುದು ನನ್ನ ಕೆಲಸ. ಬಳ್ಳಾರಿಯ ಪಾರ್ವತಿನಗರದ ನಮ್ಮ ಆಫೀಸಿನಲ್ಲಿ ಬಾಸ್ ಸೇರಿ ಮೂವರಿದ್ದೇವೆ. ಮೂವರಿಗೂ ಸ್ವಂತ ಅಭಿರುಚಿ ಇದೆ. ಹಾಗಾಗಿ ಮುಂದೆ ಹೇಳುವಂಥವು ನಡೆಯಲು ವಿಶೇಷ ಪ್ರಯತ್ನವೇನೂ ಬೇಕಾಗುವುದಿಲ್ಲ.

೧. ಹಸಿರು

ಸಿರುಗುಪ್ಪದ ರೈಸ್ ಮಿಲ್ಲೊಂದಕ್ಕೆ ಭತ್ತದ ಲಾರಿಗಳ ಸರದಿ ನೋಡಿಕೊಳ್ಳುವ ಆ್ಯಪ್ ಮಾಡಿದೆವು. ನಾನು ಬಿಡಿಸಿದ ಪರದೆಯಲ್ಲಿ ಹಸಿರು ಬಟನ್ ಎಂದರೆ ‘ಒಳಗೆ ಬಿಡಿ’. ಆಫೀಸಿನ ಗೆಳೆಯ ಬಿಡಿಸಿದ ಮುಂದಿನ ಪರದೆಯಲ್ಲಿ ಹಸಿರು ಎಂದರೆ ‘ಸರದಿ ರದ್ದು’. ಮೊದಲ ದಿನವೇ ಮಾಲೀಕರ ಫೋನ್ ಬಂತು.

“ಏನ್ರೀ ಇದು? ಗೇಟಿನಾಗ ಒಂದ್ ಲಾರಿನೂ ಇಲ್ಲ!”

“ಗೇಟಿನವರು ಏನು ಒತ್ತಿದ್ರು ಸಾರ್?”

“ಹಸಿರು. ಆಮ್ಯಾಲ ಇನ್ನೊಂದ್ ಹಸಿರು ಬಂತಂತ, ಅದನ್ನೂ ಒತ್ಯಾನ. ಲಾರಿ ಎಲ್ಲಾ ಬ್ಯಾರೆ ಮಿಲ್ಲಿಗೆ ಹೋಗ್ಯಾವ. ಸುಗ್ಗಿ ಮುಗಿಯೋದ್ರಾಗ ಸರಿ ಆಗ್ಲಿಲ್ಲಂದ್ರ ನಿಮ್ಮ ಆ್ಯಪೂ ಬ್ಯಾಡ, ನೀವೂ ಬ್ಯಾಡ.”

ನಮಗಿದ್ದ ಗಿರಾಕಿ ಅವರೊಬ್ಬರೇ. ಗೆಳೆಯ ಮಾತ್ರ ಕೇಳಿದ: “ಬಣ್ಣ ಚೆಂದ ಐತಿ ಅಂತ ಏನಾರ ಅಂದ್ರಾ ಅವ್ರು?”

೨. ಕೆಂಪು

ಯಾವ ಕೆಲಸಕ್ಕೆ ಯಾವ ಬಣ್ಣ, ಯಾವ ಅಳತೆ ಎಂದು ಎಲ್ಲರೂ ಒಪ್ಪಿ ಬರೆದಿಟ್ಟುಕೊಳ್ಳುವ ನಿಯಮಕ್ಕೆ ಸ್ಟೈಲ್ ಗೈಡ್ ಎನ್ನುತ್ತಾರೆ. ನಮ್ಮ ಬಾಸ್ ಅದನ್ನು ಬ್ರೂಸ್‌ಪೇಟೆಯಿಂದ ತಂದರು. ಅದು ಗೋಡೆ ಬಣ್ಣದ ಅಂಗಡಿಯಲ್ಲಿ ಬಣ್ಣ ಆರಿಸಲು ಕೊಡುವ ಶೇಡ್ ಕಾರ್ಡ್.

“ತಗೋರಿ. ಇನ್ಮ್ಯಾಲ ಒಳ್ಳೇದಕ್ಕೆಲ್ಲಾ ಹಸಿರು, ಅಳಿಸೋದಕ್ಕೆಲ್ಲಾ ಕೆಂಪು.”

ಅದೇ ಮಿಲ್ಲಿನ ಕುರುಗೋಡು ಶಾಖೆಯಲ್ಲಿ ಆ್ಯಪ್ ನೋಡಿಕೊಳ್ಳುವವರು ಒಬ್ಬ ಅಕ್ಕ. ಅಲ್ಲಿ ದಿನಾ ಬೆಳಿಗ್ಗೆ ಸರದಿಯೆಲ್ಲ ಮಾಯವಾಗತೊಡಗಿತು. ಹೋಗಿ ವಿಚಾರಿಸಿದೆ.

“ಅಕ್ಕಾರ, ಕೆಂಪು ಬಟನ್ ಯಾಕ ಒತ್ತತೀರಿ?”

“ಕುಂಕುಮದ ಬಣ್ಣ ಐತಲ್ರೀ. ಮುಂಜಾನೆ ಮೊದಲ ಅದನ್ನ ಮುಟ್ಟಿ, ಕೈ ಮುಗಿದು, ಆಮ್ಯಾಲ ಕೆಲಸ ಶುರು ಮಾಡ್ತೀನಿ.”

“ಮುಟ್ಟಿದ ಮ್ಯಾಲ ಕೆಲಸ ಏನ್ ಉಳಿತೈತ್ರಿ?”

“ಏನೂ ಉಳಿಯಂಗಿಲ್ಲ ನೋಡ್ರಿ. ಅಷ್ಟು ಶುಭ ಐತಿ.”

೩. ಬೂದು

ಬಾಸ್ ಬಣ್ಣಗಳ ಮೇಲೆಯೇ ನಂಬಿಕೆ ಕಳೆದುಕೊಂಡರು. ಹೊಸ ಸ್ಟೈಲ್ ಗೈಡಿನಲ್ಲಿ ಇದ್ದದ್ದು ಒಂದೇ ಸಾಲು: ಎಲ್ಲವೂ ಒಂದೇ ರೀತಿ ಇರಬೇಕು. ನಾವು ಅಕ್ಷರಶಃ ಪಾಲಿಸಿದೆವು. ಎಲ್ಲ ಬಟನ್ ಬೂದು, ಎಲ್ಲದರ ಅಳತೆ ಒಂದೇ, ಮೇಲೆ ಬರೆದ ಪದವೂ ಒಂದೇ: ‘ಸರಿ’.

ಸುಗ್ಗಿ ಮುಗಿಯುವ ಹೊತ್ತಿಗೆ ಮಾಲೀಕರು ಕರೆಸಿದರು. ಬೇರೆ ಕೆಲಸ ಹುಡುಕುವ ಮಾತಾಡುತ್ತಲೇ ಮೂವರೂ ಸಿರುಗುಪ್ಪದ ಬಸ್ಸು ಹತ್ತಿದೆವು. ಆದರೆ ಮಿಲ್ಲಿನ ಮುಂದೆ ಲಾರಿಗಳು ಸಾಲಾಗಿ, ಶಿಸ್ತಾಗಿ ನಿಂತಿದ್ದವು.

“ಈಗ ಹೆಂಗೈತ್ರಿ ಸಾರ್?” ಬಾಸ್ ಮೆಲ್ಲಗೆ ಕೇಳಿದರು.

“ಭಾರಿ ಐತ್ರಿ. ಒಂದ್ ತಪ್ಪಿಲ್ಲ.”

“ಯಾವ ಬಟನ್ ಒತ್ತಬೇಕಂತ ತಿಳಿತೈತೇನ್ರಿ?”

“ಯಾರಿಗೂ ತಿಳಿಯಂಗಿಲ್ಲ. ಅದಕ್ಕ ಯಾರೂ ಮುಟ್ಟಂಗಿಲ್ಲ. ಗೇಟಿನವ ಸೀಟಿ ಊದಿ ಲಾರಿ ಕರೀತಾನ. ನಮ್ಮ ಮೂರನೇ ಮಿಲ್ಲಿಗೂ ಇದನ್ನ ಹಾಕಿಕೊಡ್ರಿ. ಆದ್ರ ಒಂದ್ ಮಾತು, ಏನೂ ಬದಲಿ ಮಾಡಬ್ಯಾಡ್ರಿ.”