ಸೂಜಿಗೂ ಜಾಗವಿದ್ದ ಜೀಪು

ನಮ್ಮ ಮಾಮಾನ ಜೀಪಿನಲ್ಲಿ ಸೂಜಿಗೂ ಒಂದು ಜಾಗವಿತ್ತು, ಹೆಂಡತಿಗೆ ಮಾತ್ರ ಇರಲಿಲ್ಲ! ಹೀಗೆಂದ ಕೂಡಲೇ ನಾನು ಯಾರದೋ ಮನೆಯ ಚಾಡಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಹೆಂಡತಿ ನನ್ನ ಒಡಹುಟ್ಟಿದ ಅಕ್ಕ. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತಾರೆ. ನಾನು ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತ, 'ಬಾಯಾರ' ಎಂದು ಕರೆಸಿಕೊಳ್ಳುತ್ತ, ಗದಗಿನಲ್ಲಿ ಅವರ ಮನೆಯಲ್ಲೇ ಇದ್ದವಳು. ಆದ್ದರಿಂದ ಇದೆಲ್ಲ ಕಣ್ಣಾರೆ ಕಂಡದ್ದು. ಅಲ್ಲಲ್ಲಿ ಉಪ್ಪು ಖಾರ ಹೆಚ್ಚಾಗಿದ್ದರೆ ಅದು ನನ್ನ ನಾಲಿಗೆಯ ತಪ್ಪು, ಕಣ್ಣಿನದಲ್ಲ.

ಮಾಮಾ ಗುಡಿಯ ಪೂಜೆ ನಡೆಸಿಕೊಂಡು ಬಂದ ಮನೆತನದವರು. ಪೂಜೆ ಅಣ್ಣನ ಪಾಲಿಗೆ ಹೋಯಿತು. ಇವರು ಯುದ್ಧದ ಕಾಲದಲ್ಲಿ ಫೌಜಿನ ಉಗ್ರಾಣಕ್ಕೆ ಕಾರಕೂನರಾಗಿ ಹೋದರು. ಬಂದೂಕು ಮುಟ್ಟಿದವರಲ್ಲ. ಕಂಬಳಿ, ಬಕೆಟ್ಟು, ಮೊಳೆ, ಬೂಟುಗಳನ್ನು ಒಪ್ಪವಾಗಿ ಜೋಡಿಸಿಟ್ಟು, ಶತ್ರುಗಳನ್ನು ಸೋಲಿಸಿ ಬಂದರು! ಗದಗಿಗೆ ಮರಳಿ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದರೂ ತಲೆಯೊಳಗಿನ ಉಗ್ರಾಣ ಹಾಗೇ ಉಳಿಯಿತು. ಯುದ್ಧ ಮುಗಿದ ಮೇಲೆ ಫೌಜಿನವರು ಹುಬ್ಬಳ್ಳಿಯಲ್ಲಿ ಹಳೆಯ ಗಾಡಿಗಳನ್ನು ಲಿಲಾವು, ಅಂದರೆ ಹರಾಜು, ಹಾಕಿದರು. ಬೇರೆಯವರ ಗಂಡಂದಿರು ಹುಬ್ಬಳ್ಳಿಗೆ ಹೋದರೆ ಹೆಂಡತಿಗೆ ಸೀರೆ ತರುತ್ತಾರೆ. ಮಾಮಾ ಜೀಪು ತಂದರು.

"ಇದ್ಯಾತಕ್ರೀ?" ಎಂದಳು ಅಕ್ಕ.

"ರಸ್ತಾ ಇಲ್ಲದಲ್ಲೂ ಹೋಗತೈತಿ. ಗುಡ್ಡ, ಹಳ್ಳ, ಎರಿ ಹೊಲ, ಎಲ್ಲಿ ಮನಸ್ಸು ಬರತೈತೋ ಅಲ್ಲಿ ಡೇರೆ ಹೊಡದು ಇರೂದು. ಮನಿ ನಮ್ಮ ಸಂಗಾಟನ ಬರತೈತಿ."

"ಹಂಗಾರ ನನ್ನ ಒಮ್ಮೆ ಲಕ್ಷ್ಮೇಶ್ವರಕ್ಕ, ತವರಮನಿಗೆ ಕರಕೊಂಡ ಹೋಗ್ರಿ. ನಾ ಮುಂದ ಕುಂಡ್ರಬೇಕು. ಓಣಿ ಮಂದಿಯೆಲ್ಲ ಹೊರಗ ಬಂದು ನೋಡಬೇಕು."

"ಆತು. ಮೊದಲ ಸಾಮಾನಿನ ವ್ಯವಸ್ಥಾ ಆಗಲಿ."

ಆ 'ಮೊದಲ' ಎನ್ನುವುದು ಮುಗಿಯುವಷ್ಟರಲ್ಲಿ ದೇಶ ಸ್ವತಂತ್ರವಾಯಿತು, ಸಂಸ್ಥಾನಗಳು ಹೋದವು, ಕರ್ನಾಟಕ ಒಂದಾಗುವ ಕಾಲ ಬಂತು. ಅಕ್ಕ ಬೇಡಿದ್ದು ಮಾತ್ರ ಒಂದು ಗೇಣು ಜಾಗ.

ವ್ಯವಸ್ಥೆ ಶುರುವಾಯಿತು. ಬೆಟಗೇರಿಯ ಬಡಿಗೇರನೊಬ್ಬ ಬಂದು ಜೀಪಿನ ಹಿಂಭಾಗಕ್ಕೆಲ್ಲ ಸಾಗವಾನಿಯ ಪೆಟ್ಟಿಗೆ, ಖಾನೆ, ಹಲಗೆಗಳನ್ನು ಕೂಡಿಸಿದ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೊಂದು ಡಬ್ಬಿ. ಪ್ರತಿ ಖಾನೆಯೊಳಗೂ ಅಲ್ಲಿಡುವ ಸಾಮಾನಿನ ಆಕಾರವನ್ನು ಮಾಮಾ ಬಿಳಿ ಬಣ್ಣದಲ್ಲಿ ಬರೆದರು. ಸ್ಟೋವಿನ ಆಕಾರ, ಲಾಟೀನಿನ ಆಕಾರ, ಸೌಟಿನ ಆಕಾರ, ಅಡಕೊತ್ತಿನ ಆಕಾರ! ಯಾವುದಾದರೂ ಕಾಣೆಯಾದರೆ ಅದರ ಬಿಳಿ ಗೆರೆ ಬಾಯಿ ತೆರೆದು ಕೂತಿರುತ್ತಿತ್ತು. ಕೊನೆಗೆ ಡ್ರೈವರನ ಪಕ್ಕದ ಮುಂದಿನ ಸೀಟನ್ನೂ ಕಿತ್ತು ಅಲ್ಲಿ ನೀರಿನ ಪೀಪಾಯಿ ನಿಲ್ಲಿಸಿ, ಬುಡಕ್ಕೆ ಹೊರಮುಖವಾಗಿ ಹಿತ್ತಾಳೆಯ ನಳ ಕೂಡಿಸಿದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

"ನನ್ನ ಆಕಾರನೂ ಎಲ್ಯರ ಒಂದ ಕಡೆ ಬರೀರಿ. ಅಲ್ಲೇ ಕುಂಡ್ರತೀನಿ."

ಮಾಮಾ ನಗಲಿಲ್ಲ. ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ಅಳತೆಗಣ್ಣಿನಿಂದ ನೋಡಿ, "ಮಡಚಾಕ ಬರಾಂಗಿಲ್ಲಲ್ಲ" ಎಂದರು! ಆ ರಾತ್ರಿ ಅವರ ತಾಟಿಗೆ ಬಿದ್ದದ್ದು ಒಣ ರೊಟ್ಟಿ, ಹಸಿ ಉಳ್ಳಾಗಡ್ಡಿ.

ಪೆಟ್ರೋಲಿಗೆ ರೇಷನ್ನು ಇದ್ದ ಕಾಲ. ಜೀಪು ಹಿತ್ತಲಿನಲ್ಲಿ ನಿಂತೇ ಇರುತ್ತಿತ್ತು. ಹಾಗೆಂದು ಮಾಮಾ ಸುಮ್ಮನಿದ್ದಾರೆಯೆ? ಪ್ರತಿ ರವಿವಾರ ತಾಲೀಮು! ಎಲ್ಲ ಸಾಮಾನು ತುಂಬುವುದು, ಎಲ್ಲ ಸಾಮಾನು ಇಳಿಸುವುದು, ಮತ್ತೆ ತುಂಬುವುದು. ಎಲ್ಲಿಗೂ ಹೋಗದೆ ದಣಿದು ಬಂದು, "ಇವತ್ತ ಪ್ರವಾಸ ಭಾಳ ಛಲೋ ಆತು" ಎಂದು ಜಮಖಾನೆಯ ಮೇಲೆ ಒರಗುತ್ತಿದ್ದರು. ನಡುಮನೆಯ ಸಾಮಾನೆಲ್ಲ ಒಂದೊಂದಾಗಿ ಜೀಪಿನ ಪಾಲಾಯಿತು. ಮಜ್ಜಿಗೆ ಕಡೆಯಬೇಕೆಂದರೆ ಕಡಗೋಲಿಗಾಗಿ ಹಿತ್ತಲಿಗೆ ಓಡಬೇಕು. ಒಮ್ಮೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಚಹದ ಕಿಟ್ಲಿ ಡೇರೆಯ ಕೆಳಗಿನ ಪೆಟ್ಟಿಗೆಯ ಒಳಗಿನ ಡಬ್ಬಿಯಲ್ಲಿತ್ತು. ಅದನ್ನು ತೆಗೆಯುವಷ್ಟರಲ್ಲಿ ಬಂದವರು ಎದ್ದು ಹೋಗಿದ್ದರು. ಆ ಗಂಡು ಆಮೇಲೆ ಹೇಗಾದ ಎಂಬುದನ್ನು ಬಲ್ಲ ನಾನು, ಮಾಮಾನಿಗೆ ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆಗ ನಮ್ಮ ಸೀಮೆಯ ಮಜವೇ ಬೇರೆ. ಗದಗು ಮುಂಬಯಿ ಸರಕಾರದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಬೆಳಿಗ್ಗೆ ರೊಟ್ಟಿ ತಿಂದು ಹೊರಟರೆ ಅದು ಅರಗುವುದರೊಳಗೆ ಮೂರು ರಾಜ್ಯ ಕಂಡಿರುತ್ತಿದ್ದೆವು. ಕಾಳುಕಡಿ ಕದ್ದು ಸಾಗಿಸುತ್ತಾರೆಂದು ದಾರಿಯಲ್ಲಿ ನಾಕಾ ಇಟ್ಟಿದ್ದರು. ಒಮ್ಮೆ ಲಕ್ಷ್ಮೇಶ್ವರಕ್ಕೆ ಹೊರಟೆವು. ಹೊರಟೆವು ಎಂದರೆ, ಮಾಮಾ ಸಾಮಾನಿನ ಜೊತೆ ಜೀಪಿನಲ್ಲಿ, ಅಕ್ಕ ಮತ್ತು ನಾನು ಬಸ್ಸಿನಲ್ಲಿ!

ನಾಕಾದ ಪೊಲೀಸಪ್ಪ ಜೀಪಿಗೆ ಕೈ ಅಡ್ಡ ಹಿಡಿದು, "ತಗೀರಿ, ಒಳಗೇನೈತಿ ನೋಡೂಣು" ಎಂದ. ಪಾಪ, ಯಾರಿಗೆ ಏನು ಹೇಳುತ್ತಿದ್ದೇನೆಂದು ಅವನಿಗೇನು ಗೊತ್ತು! ಜೀಪು ತಂದ ಮೇಲೆ 'ಒಳಗೇನೈತಿ' ಎಂದು ಕೇಳಿದ ಮೊದಲ ಮನುಷ್ಯ ಅವನೇ. ಮಾಮಾನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಒಂದೊಂದೇ ಪೆಟ್ಟಿಗೆ ತೆಗೆದು, ಯಾವುದನ್ನು ಯಾವುದರ ಮೇಲೆ ಯಾಕೆ ಇಡಬೇಕು, ಭಾರವಾದದ್ದು ಕೆಳಗೇಕೆ, ಮೊದಲು ಬೇಕಾದದ್ದನ್ನು ಕೊನೆಗೇಕೆ ತುಂಬಬೇಕು ಎಂದು ವಿವರಿಸತೊಡಗಿದರು. ಹಿಂದೆ ಎತ್ತಿನ ಗಾಡಿಗಳ ಸಾಲು ನಿಂತಿತು. ನಾವಿದ್ದ ಬಸ್ಸು ಪಕ್ಕದಿಂದ ದಾಟಿ ಹೋಗುವಾಗ ಅಕ್ಕ ಕಿಟಕಿಯಿಂದ ಗಂಡನಿಗೆ ಕೈಬೀಸಿದಳು. ಅವರು ನೋಡಲಿಲ್ಲ. ಸೂಜಿಯ ಡಬ್ಬಿ ತೋರಿಸುತ್ತಿದ್ದರು.

ಕೊನೆಗೆ ಆ ಪೊಲೀಸಪ್ಪ ಅಂದನಂತೆ: "ಸಾಹೇಬ್ರ, ಸಾಕ್ರಿ, ಹೋಗ್ರಿ. ಇನ್ನೊಮ್ಮೆ ಬರೂಮುಂದ ಬೇಕಾದ್ರ ಚೀಲಗಟ್ಟಲೆ ಜ್ವಾಳಾ ತುಂಬ್ಕೊಂಡ ಬರ್ರಿ. ನಾ ಮಾತ್ರ ತಗೀರಿ ಅನ್ನಾಂಗಿಲ್ಲ!" ಮಾಮಾ ಅದನ್ನು ಪ್ರಶಸ್ತಿ ಎಂದೇ ತಿಳಿದು ಊರಿಗೆಲ್ಲ ಹೇಳಿಕೊಂಡು ಬಂದರು.

ಫೌಜನ್ನೇ ಸುಧಾರಿಸಿದ ಮಾಮಾ ಸೋತದ್ದು ತಮ್ಮ ಅವ್ವನ ಮುಂದೆ. ಅವರ ತಾಯಿಯದು ಕಟ್ಟುನಿಟ್ಟಿನ ಮಡಿ. ಗುಡಿಯ ಮನೆತನವಲ್ಲವೆ? ಮಡಿಯ ಪಾತ್ರೆಗೆ ಪೆಟ್ರೋಲ್ ಡಬ್ಬಿ ತಾಗಬಾರದು, ಚರ್ಮದ ಪಟ್ಟಿ ಸೋಕಬಾರದು, ಸ್ನಾನ ಮಾಡದವರ ನೆರಳೂ ಬೀಳಬಾರದು. ಫೌಜಿನ ಶಿಸ್ತು ಈ ಶಿಸ್ತಿನ ಮುಂದೆ ಎಲ್ಲಿ ನಿಲ್ಲಬೇಕು! ಮಾಮಾ ಎಲ್ಲ ಪೆಟ್ಟಿಗೆಗಳನ್ನೂ ಕಿತ್ತು ಹೊಸದಾಗಿ ಜೋಡಿಸಿದರು. ಅಡುಗೆಯ ಪಾತ್ರೆ, ಕೊಡ, ತಂಬಿಗೆ ಎಲ್ಲವೂ ಒಂದು ಮಡಿಪೆಟ್ಟಿಗೆಗೆ ಹೋದವು. ಅದನ್ನು ಕಾಯಲು ಪೀಪಾಯಿಯ ಪಕ್ಕ ಒಂದು ಮಣೆ, ಅದರ ಮೇಲೆ ಉಣ್ಣೆಯ ಧಾಬಳಿ, ಅದರ ಮೇಲೆ ಅವ್ವ. ನೋಡಿ, ಜಾಗ ಹುಟ್ಟಿತು! ಆದರೆ ಯಾರಿಗೆ?

"ಅವ್ವಗ ಹೆಂಗ ಜಾಗಾ ಆತ್ರಿ?" ಎಂದು ನಾನು ಕೇಳಿದೆ.

"ಬಾಯಾರ, ಅವ್ವ ಪ್ರವಾಸಕ್ಕ ಬಂದಾಕಿ ಅಲ್ಲ. ಆಕಿ ಮಡಿಪೆಟ್ಟಿಗಿ ಕಾವಲ" ಎಂದರು ಮಾಮಾ.

ಸಂಸ್ಥಾನಗಳು ಹೋಗಿ, ಪೆಟ್ರೋಲು ಸಿಗತೊಡಗಿದ ಮೇಲೆ, ಮುಂಡರಗಿಯ ದಾರಿಯಲ್ಲಿ ಕಪ್ಪತಗುಡ್ಡದ ಬುಡಕ್ಕೆ ಡೇರೆ ಹೊಡೆಯಲು ಹೋದೆವು. ಅಕ್ಕ ಮತ್ತು ನಾನು ಡಂಬಳದವರೆಗೆ ಬಸ್ಸಿನಲ್ಲಿ. ಅಲ್ಲಿಂದ ಮುಂದೆ ಕಲ್ಲುದಾರಿ. ಜೀಪು ನಡಿಗೆಯ ವೇಗದಲ್ಲಿ ಹೋಗುತ್ತಿತ್ತು, ನಾವಿಬ್ಬರೂ ಅದರ ಪಕ್ಕದಲ್ಲೇ ನಡೆದೆವು. ಯಾರೋ ನೋಡಿದವರು ಜೀಪನ್ನು ಮೇಯಿಸಲು ಹೊಡೆದುಕೊಂಡು ಹೊರಟಿದ್ದೇವೆ ಎಂದುಕೊಂಡಿರಬೇಕು.

ಡೇರೆ ಎದ್ದಿತು. ಹೊಟ್ಟೆ ಚುರುಗುಟ್ಟಿತು. ಅಡುಗೆಗೆ ಪಾತ್ರೆ ಬೇಕು. ಪಾತ್ರೆ ಮಡಿಪೆಟ್ಟಿಗೆಯಲ್ಲಿ. ಅದನ್ನು ಮುಟ್ಟಲು ಸ್ನಾನ ಆಗಿರಬೇಕು. ಅವ್ವನೇ ತೆಗೆಯಬೇಕೆಂದರೆ ದಾರಿಯಲ್ಲಿ ಜೀಪು ಹೊಯ್ದಾಡಿದಾಗ ಪೆಟ್ರೋಲ್ ಡಬ್ಬಿ ತಾಗಿ ಅವರೂ ಮೈಲಿಗೆ! ಸರಿ, ಯಾರಾದರೂ ಸ್ನಾನ ಮಾಡಿದರಾಯಿತು. ಪೀಪಾಯಿಯ ತುಂಬ ನೀರಿದೆ. ಆದರೆ ನೀರು ಹಿಡಿಯಲು ಕೊಡ ಬೇಕಲ್ಲ? ಕೊಡ ಎಲ್ಲಿದೆ? ಮಡಿಪೆಟ್ಟಿಗೆಯಲ್ಲಿ!

ಮಾಮಾ ಕೈಕಟ್ಟಿ ನಿಂತರು. ಅವ್ವ ಮಡಿಪೆಟ್ಟಿಗೆಯನ್ನು ದೂರದಿಂದಲೇ ದಿಟ್ಟಿಸಿದರು. "ಯಾರೂ ಮುಟ್ಟಬ್ಯಾಡ್ರಿ, ವಿಚಾರ ಮಾಡೂಣು" ಎಂದರು. ವಿಚಾರ ಮಾಡುತ್ತ ಬಿಸಿಲು ಇಳಿಯಿತು. ಕೊನೆಗೆ ಅಕ್ಕ ಎದ್ದಳು. ಸೀರೆ ಉಟ್ಟಿದ್ದ ಹಾಗೆಯೇ ಹೋಗಿ ಪೀಪಾಯಿಯ ಬುಡದಲ್ಲಿ ನೆಲಕ್ಕೆ ಕುಕ್ಕರಿಸಿ, ನಳವನ್ನು ತಲೆಯ ಮೇಲೆ ತಿರುಗಿಸಿದಳು. ನೀರು ಸುರಿಯಿತು. "ಶಹಭಾಸ್!" ಎಂದರು ಮಾಮಾ. ನಿಲ್ಲಿಸಲು ಹೋದರೆ ನಳದ ತಿರುಪು ಅಕ್ಕನ ಕೈಗೇ ಕಿತ್ತು ಬಂತು. ನಮ್ಮ ಕಣ್ಣೆದುರಿಗೇ ಪೀಪಾಯಿ ಬರಿದಾಯಿತು. ಅಕ್ಕ ಪರಮ ಮಡಿಯಲ್ಲಿ, ನಡುಗುತ್ತ, ಪಾತ್ರೆಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟಳು. ಈಗ ಅಡುಗೆಗೆ ನೀರಿಲ್ಲ!

ಆ ದಾರಿಯಲ್ಲಿ ಬಂದ ಕುರುಬರ ಅಜ್ಜನೊಬ್ಬ ಥಳಥಳಿಸುವ ಪಾತ್ರೆಗಳನ್ನೂ ನಮ್ಮ ಮುಖಗಳನ್ನೂ ನೋಡಿ, "ಅಂಗಡಿ ಹಾಕೀರೇನ್ರಿ?" ಎಂದು ಕೇಳಿದ. ಅಂದು ನಾವು ಶೇಂಗಾ ಬೆಲ್ಲ ತಿಂದು ಮಲಗಿದೆವು.

ಏಕೀಕರಣದ ಮಾತು ಮನೆಮನೆಯಲ್ಲೂ ನಡೆದಿದ್ದ ವರ್ಷ ನಾನು ಮಾಮಾನನ್ನು ಹಿಡಿದು ಕೇಳಿದೆ: "ಎಲ್ಲೆಲ್ಲೋ ಹರಿದು ಹಂಚಿ ಹೋದ ಕನ್ನಡ ಸೀಮಿನ್ನೆಲ್ಲ ಒಂದ ಕಡೆ ಕೂಡಸಾಕ ಹತ್ಯಾರ. ನಿಮ್ಮ ಗಾಡ್ಯಾಗ ನಮ್ಮ ಅಕ್ಕ ಒಬ್ಬಾಕಿನ್ನ ಕೂಡಸಾಕ ಆಗಾಂಗಿಲ್ಲೇನ್ರಿ?"

"ಅದಕ್ಕ ದೊಡ್ಡ ಕಮಿಶನ್ನ ನೇಮಿಸ್ಯಾರ ಬಾಯಾರ" ಎಂದರು ಮಾಮಾ. "ನನ್ನ ಕೈಯಾಗ ಬರೇ ಒಬ್ಬ ಬಡಿಗ್ಯಾ ಅದಾನ!"

ಅಕ್ಕ ಒಳಗಿನಿಂದ ಕೇಳಿಸಿಕೊಂಡಳು. ರೊಟ್ಟಿ ಬಡಿಯುತ್ತಲೇ ಇದ್ದಳು. ಅವಳು ಜಾಗ ಕೇಳುವುದನ್ನು ಬಿಟ್ಟಿದ್ದಳು. ಅದು ನನ್ನ ಮನಸ್ಸಿಗೆ ಬಹಳ ಹತ್ತಿತು.

ಅದೇ ಮಳೆಗಾಲದಲ್ಲಿ ಅಡರಕಟ್ಟಿಯಲ್ಲಿ ನಮ್ಮ ಸೋದರತ್ತೆಯ ಮಗಳ ಕುಬಸದ, ಅಂದರೆ ಸೀಮಂತದ, ಕಾರ್ಯವಿತ್ತು. ಮಾಮಾ ಮತ್ತು ಅವ್ವ ಎಂದಿನಂತೆ ಜೀಪಿನಲ್ಲಿ, ನಾವು ಎಂದಿನಂತೆ ಬಸ್ಸು ಹಿಡಿದು, ಲಕ್ಷ್ಮೇಶ್ವರದಿಂದ ಎತ್ತಿನ ಗಾಡಿ ಏರಿ ಹೋದೆವು. ಅಂದೇ ಮಳೆ ಹಿಡಿಯಿತು. ಎರೆಮಣ್ಣಿನ ದಾರಿಯಲ್ಲಿ ಗಾಡಿಗಳ ಗಾಲಿ ಹೂತು ನಿಂತವು. ಮಾರನೆಯ ದಿನ ಬೆಳಿಗ್ಗೆ ಅಕ್ಕನಿಗೆ ಹೊಟ್ಟೆಯ ಬಲಬದಿಯಲ್ಲಿ ನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಕೆಂಡ, ಕಾಲು ಚಾಚಲು ಬರುತ್ತಿರಲಿಲ್ಲ. ಊರ ವೈದ್ಯರು ಹೊಟ್ಟೆ ಮುಟ್ಟಿ ನೋಡಿ, "ಇದು ನನ್ನ ಕೈಯಾಗಿಂದಲ್ಲ. ಜಲ್ದಿ ಗದಗಿಗೆ ಒಯ್ರಿ, ಕೊಯ್ಯಬೇಕಾಗತೈತಿ" ಎಂದರು.

ಅಕ್ಕ ಬದುಕಿದಳು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಇಷ್ಟು ಹೊತ್ತು ನಗಿಸಿ ಕೊನೆಗೆ ನಿಮಗೆ ಅಂಥ ಸುದ್ದಿ ಕೊಡುವಷ್ಟು ಕೆಟ್ಟವಳಲ್ಲ ನಾನು. ಆದರೆ ಆ ಮಧ್ಯಾಹ್ನ ಅದು ನಮಗೆ ಗೊತ್ತಿರಲಿಲ್ಲ.

ಆ ಕೆಸರಿನಲ್ಲಿ ಓಡುವ ಗಾಡಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಒಂದೇ. ಮಾಮಾ ಮಳೆಯಲ್ಲಿ ಜೀಪಿನ ಹತ್ತಿರ ಓಡಿದರು. ಓಡಿದವರು ಏನು ಮಾಡಿದರು ಗೊತ್ತೆ? ಎಡಗಡೆಯ ಪಟ್ಟಿ ಬಿಚ್ಚಿ, ಡೇರೆಯ ಗಂಟು ಸಡಿಲಿಸಿ, ಗೂಟಗಳನ್ನು ಒಂದೊಂದೇ ತೆಗೆದು ಒಪ್ಪವಾಗಿ ಕಟ್ಟೆಯ ಮೇಲೆ ಇಡತೊಡಗಿದರು. ಮಳೆ ಮುಖಕ್ಕೆ ರಾಚುತ್ತಿತ್ತು. ಆದರೂ ಕ್ರಮ ತಪ್ಪಲಿಲ್ಲ.

"ಲೇ, ಏನ್ ಮಾಡಾಕ ಹತ್ತಿ?" ಅವ್ವ ಹೊರಗೆ ಬಂದರು.

"ಡೇರೆ ಮೊದಲ ತಗೀಬೇಕವ್ವಾ, ಇಲ್ಲಂದ್ರ ಪೆಟ್ಟಿಗಿ ಹೊರಗ ಬರಾಂಗಿಲ್ಲ..." ಎನ್ನುತ್ತಿದ್ದ ಮಾಮಾನ ಬಾಯಿ ಅಳುವ ಕೂಸಿನ ಬಾಯಿಯಂತಾಗಿತ್ತು.

ಆಗಷ್ಟೇ ಸ್ನಾನ ಮುಗಿಸಿ ಮಡಿಯಲ್ಲಿದ್ದ ಅವ್ವ, ಮಳೆಯನ್ನೂ ಪೆಟ್ರೋಲ್ ಡಬ್ಬಿಯನ್ನೂ ಲೆಕ್ಕಿಸದೆ ಜೀಪು ಹತ್ತಿದರು. ತಮ್ಮ ಮಡಿಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ ಕೆಸರಿಗೆ ಒಗೆದರು. ಕೊಡ ಉರುಳಿತು, ತಂಬಿಗೆ ಹಾರಿತು. "ನನ್ನ ಸೊಸಿಕಿಂತ ಹೆಚ್ಚಿಂದೇನಲ್ಲ ಇದು. ಒಗೀ ಎಲ್ಲಾ!"

ಆಮೇಲೆ ಮಾಮಾನನ್ನು ಹಿಡಿಯುವವರು ಯಾರು! ಹಾರೆ ತೆಗೆದುಕೊಂಡು ಸಾಗವಾನಿಯ ಪೆಟ್ಟಿಗೆಗಳನ್ನು ಮೀಟಿ ಕಿತ್ತರು. ಕಡಗೋಲು, ಅಡಕೊತ್ತು, ಲಾಟೀನು, ಶಾವಿಗೆಯ ಮಣೆ ಎಲ್ಲ ಹೊರಗೆ ಬಂದು ಬಿದ್ದವು. ಊರಿನವರು ಅಂಗಳದ ಕೆಸರಿನಲ್ಲಿ ಅಂಥ ಸಂತೆಯನ್ನು ಕಂಡಿರಲಿಲ್ಲ. ಜೀಪು ತಗಡಿನವರೆಗೂ ಬರಿದಾಯಿತು. ಧಾಬಳಿ ಹಾಸಿ ಅಕ್ಕನನ್ನು ಮಲಗಿಸಿದೆವು. ಅವ್ವ ಆ ತಗಡಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತು ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಕಾಲ ಬಳಿ ಕುಳಿತೆ.

ಜೀಪು ಹಳ್ಳ ದಾಟಿತು, ಹೊಲ ದಾಟಿತು. ಲಕ್ಷ್ಮೇಶ್ವರದಲ್ಲಿ ನಮ್ಮ ತವರಿನ ಓಣಿ ಒಂದು ಪಕ್ಕಕ್ಕೆ ಉಳಿಯಿತು. ನಿಲ್ಲಿಸುವ ಹೊತ್ತು ಅದಲ್ಲ. ಶಿರಹಟ್ಟಿ ದಾಟಿದ ಮೇಲೆ ಮಳೆ ಸ್ವಲ್ಪ ನಿಂತಿತು. ಅಕ್ಕ ಕಣ್ಣು ತೆರೆದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಕೈ ಚಾಚಿ ಖಾಲಿ ತಗಡನ್ನು ಮುಟ್ಟಿದಳು.

"ಏನ್ರೀ," ಎಂದಳು ಸಣ್ಣ ದನಿಯಲ್ಲಿ, "ಎಷ್ಟ ಜಾಗಾ ಐತಲ್ರೀ ಇದರಾಗ!"

ಮಾಮಾ ಹಿಂತಿರುಗಿ ನೋಡಲಿಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡು, ಗದಗಿನ ದಾರಿ ನೋಡುತ್ತಲೇ ಹೇಳಿದರು: "ಅಷ್ಟೂ ನಿಂದ ಅದು. ನೀ ಸುಮ್ಮನ ಮಲಕೋ."