ಬೀಜ ತೆಗೆಯದ ಮೆಣಸಿನಕಾಯಿ

ನಮ್ಮ ಯಜಮಾನರ ಜಿಪುಣತನವನ್ನು ಒಂದೇ ಸಂಜೆಯೊಳಗೆ ಬಿಡಿಸ್ತೀನಿ ಅಂತ ನಾನೊಮ್ಮೆ ಸೆರಗು ಸೊಂಟಕ್ಕೆ ಸಿಗಿಸಿ ನಿಂತಿದ್ದೆ. ಅವರಿದ್ದ ಕಾಲದ ಮಾತು. ಆನೆಕೊಂಡದಾಗೆ ಮನೆ, ಹತ್ತಿ ಮಿಲ್ಲಿನಾಗೆ ಅವರ ಕೆಲಸ. ಯಾರೇ ಬರಲಿ, "ಉಂಡೇ ಬಂದಿರಬೇಕಲ್ಲ?" ಅಂತ ಬಾಗಿಲಲ್ಲೇ ಕೇಳೋರು. ಹಂಗಾಗಿ ನೆಂಟರೆಲ್ಲ ಬರೋದು ನಿಲ್ಲಿಸಿ, ಉಳಿದೋರು ಅವರ ಸೋದರಮಾವ ಶಿವಯೋಗಪ್ಪ ಒಬ್ರೇ. ಹರಿಹರದಿಂದ ರೈಲಿಗೆ ಬಂದು, "ಉಂಡೇ ಬಂದೆ ಕಣೋ ಮಾಳಿಂಗ, ದಾರಿಯಾಗೆ ಕರಗಿತು" ಅಂತ ನಕ್ಕೊಂತ ಒಳಗೆ ಕೂಡೋರು. ಅವರೂ ಬರೋದು ಬಿಟ್ರೆ ನಮ್ಮ ಹೊಸ್ತಿಲು ತುಳಿಯೋರೇ ಇಲ್ಲ.

ಅವತ್ತು ಮಾವಾರಿಗೆ ಅಂತ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಕೂತಿದ್ದೆ. ಕಾಯಿ ಸೀಳಿ ಬೀಜ ತೆಗೀತಿದ್ರೆ ಯಜಮಾನರು ಬಂದು ಕೈ ಹಿಡಿದ್ರು.

"ಬೀಜ ಯಾಕ ಬಿಸಾಕ್ತಿ? ಅದನ್ನೂ ತೂಕಕ್ಕೆ ಹಾಕೇ ಕೊಟ್ಟಾನೆ."

"ಒಂದೂ ಬಿಸಾಕಲ್ಲ ಬಿಡ್ರಿ" ಅಂದೆ. ಬಿಸಾಕಲೂ ಇಲ್ಲ. ಮಾವಾರ ಕಾಯಿಯ ಬೀಜವನ್ನೆಲ್ಲ ಇವರ ಕಾಯಿಯೊಳಗೇ ತುರುಕಿ ಕರಿದೆ!

ಮಾವಾರು ಕಾಲು ತೊಳೆಯೋಕೆ ಬಚ್ಚಲಿಗೆ ಹೋಗಿದ್ರು. ಎರಡೂ ತಟ್ಟೆ ಇಟ್ಟು ನೀರಿಗೆ ಅಂತ ಒಳಗೆ ಹೋದೆ. ವಾಪಸ್ ಬಂದು ನೋಡಿದ್ರೆ ಯಜಮಾನರು ಸುಖವಾಗಿ ಮೆಲ್ಲಾಕತ್ತಾರೆ, ಮಾವಾರ ಬೋಳು ತಲೆ ಮ್ಯಾಲೆ ಬೆವರಿನ ಮಳೆ. ಮಾವಾರ ತಟ್ಟೆಯಾಗೆ ಒಂದು ಬಜ್ಜಿ ಜಾಸ್ತಿ ಕಂಡಿತು ಅಂತ ಈ ಪುಣ್ಯಾತ್ಮ ತಟ್ಟೆ ಅದಲುಬದಲು ಮಾಡಿದ್ರು.

"ಬಿಡ್ರಿ ಮಾವಾರೆ, ಖಾರ ಐತೆ" ಅಂದೆ.

"ಯಾಕವ್ವ ಬಿಡ್ಲಿ? ನಮ್ಮಕ್ಕ ಹಿಂಗೇ ಮಾಡೋಳು. ನೆನಪಾಗಿ ಕಣ್ಣಾಗೆ ನೀರು ಬಂತು. ಒಂದೀಟು ಮಂಡಕ್ಕಿ ತಾ."

ಮಂಡಕ್ಕಿ ಡಬ್ಬಿ ಬರಿದಾಯ್ತು. ಮೊಸರಿನ ಗಡಿಗೆ ಬರಿದಾಯ್ತು. ಬೆಲ್ಲದ ಅಚ್ಚಿಗೆ ಕೈ ಬಂದಾಗ ಯಜಮಾನರಿಗೆ ತಡೀಲಿಲ್ಲ.

"ನೀರು ಕುಡೀರಿ ಮಾವ, ನೀರು."

"ನೀರಿಗೆ ಹರಿಹರದಾಗೆ ಹೊಳೇನೇ ಐತಲ್ಲೋ. ಬೆಲ್ಲ ಈ ಕಡೆ ತಳ್ಳು."

ಮುಗೀತು, ಇನ್ನು ಇವರೂ ಬರಲ್ಲ ಅಂದ್ಕೊಂಡೆ. ಹೊರಡೋವಾಗ ಕಾಲಿಗೆ ಬಿದ್ದೆ. "ಮತ್ತೆ ಬರ್ತೀರಲ್ಲ ಮಾವಾರೆ?"

ಅವರು ಯಜಮಾನರ ಕಡೆ ಒಮ್ಮೆ ನೋಡಿ, ಬಗ್ಗಿ ಪಿಸುಗುಟ್ಟಿದ್ರು: "ಬರದೇ ಏನವ್ವ. ತಟ್ಟೆ ಬದಲಾಗಿದ್ದು ಬಚ್ಚಲ ಬಾಗಿಲಿಂದ ಕಂಡೆ, ಉಳಿದದ್ದು ಕಚ್ಚಿದ ಮ್ಯಾಲೆ ತಿಳೀತು. ಮುಂದಿನ ಸಲ ಗಂಡಗೆ ಬುದ್ಧಿ ಕಲಿಸೋದಿದ್ರೆ ಒಂದೀಟು ಮೊದಲೇ ಹೇಳು, ನಾನು ಕಾಲು ತೊಳೆಯೋಕೆ ಹೋಗಲ್ಲ."