ಮಳೆಯಲ್ಲಿ ಭಾವನ ಹಿಂದೆ ಸೈಕಲ್ಲು

ಕನ್ನಡಕದವನು ಮಳೆಯಲ್ಲಿ ಸೈಕಲ್ ತುಳಿದರೆ ಏನಾದರೊಂದು ಆಗಿಯೇ ತೀರುತ್ತದೆ. ನನಗಂತೂ ಮಳೆಗಾಲ ಬಂದಾಗಲೆಲ್ಲ ಆಗುತ್ತಲೇ ಬಂತು.

ತೊಂಬತ್ತರ ದಶಕದಲ್ಲಿ ಬಿಳಿಗೆರೆ ಹತ್ತಿರದ ನಮ್ಮೂರಿನಿಂದ ನಂಜನಗೂಡಿನ ಕಾರ್ಖಾನೆಗೆ ನಾನೂ ನನ್ನ ಹೆಂಡತಿಯ ಅಣ್ಣನೂ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆವು. ನಾನವನಿಗೆ ಭಾವ, ಅವನು ನನಗೆ ಭಾವ. ನನ್ನದು ಸೋಡಾಬುಡ್ಡಿ ಕನ್ನಡಕ. ಬಿಸಿಲಲ್ಲಿ ಎಲ್ಲವೂ ಕಾಣುತ್ತದೆ. ನಾಲ್ಕು ಹನಿ ಬಿದ್ದರೆ ರಸ್ತೆ, ಗದ್ದೆ, ಎಮ್ಮೆ ಎಲ್ಲ ಒಂದೇ. ತೆಗೆದು ಜೇಬಿಗಿಟ್ಟರೆ ಅಷ್ಟೂ ಇಲ್ಲ. ಭಾವನಿಗೆ ಕನ್ನಡಕದ ಕಾಟವಿರಲಿಲ್ಲ. "ಮಳೆಗಾಲದಲ್ಲಿ ಇವ್ನು ನನ್ ಜವಾಬ್ದಾರಿ ಕಣವ್ವ. ನಾನು ಮುಂದ್ಕೆ ಓಯ್ತೀನಿ, ನನ್ ಬೆನ್ನಿಗೇ ಬರ್ಲಿ" ಎಂದು ತಂಗಿಗೆ ಮಾತು ಕೊಟ್ಟಿದ್ದ.

ಕಣ್ಣು ಮಂಜಾದ ಒಬ್ಬ ಮೇಸ್ತ್ರಿಯನ್ನು ಕಾರ್ಖಾನೆಯವರು ಮನೆಗೆ ಕಳಿಸಿದ್ದನ್ನು ನಾವಿಬ್ಬರೂ ನೋಡಿದ್ದೆವು. ಬಿದ್ದು ಕೈಕಾಲು ಮುರಿಯುವ ಭಯಕ್ಕಿಂತ ಬಿದ್ದದ್ದು ಗೊತ್ತಾಗಿ ಕೆಲಸ ಹೋದೀತೆಂಬ ಭಯವೇ ನನಗೆ ದೊಡ್ಡದಾಗಿತ್ತು. ಅದಕ್ಕೇ ಭಾವನ ಬೆನ್ನು ಬಿಡುತ್ತಿರಲಿಲ್ಲ.

ಯೂರಿಯಾ ಚೀಲ

ಆಗ ನಮ್ಮ ಕಡೆ ಮಳೆಗೆ ರೇನ್‌ಕೋಟು ಎಂದರೆ ಯೂರಿಯಾ ಚೀಲವೇ. ಒಂದು ಮೂಲೆಯನ್ನು ಒಳಕ್ಕೆ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಮುಗಿಯಿತು. ತೊಂದರೆ ಏನೆಂದರೆ, ಹಿಂದಿನಿಂದ ನೋಡಿದರೆ ಇಡೀ ತಾಲ್ಲೂಕೇ ನನ್ನ ಭಾವನ ಹಾಗೆ ಕಾಣುತ್ತಿತ್ತು.

ಒಂದು ಸಂಜೆ ಕೊಪ್ಪೆಯ ಬೆನ್ನು ಹಿಡಿದು ಹೊರಟೆ. ಭಾವನಿಗೆ ದಾರಿಯುದ್ದಕ್ಕೂ ನನ್ನನ್ನು ಪರೀಕ್ಷೆ ಮಾಡುವ ಚಟ. "ಏ ನಾಕ್ ಕಣ್ಣಿನವ್ನೇ, ಮುಂದ್ಕೆ ಏನದೆ ಯೋಳು ನೋಡಾಣ" ಅನ್ನುತ್ತಿದ್ದ. ನಾನೂ ಬಿಡುತ್ತಿರಲಿಲ್ಲ, ಕನ್ನಡಕ ಒರೆಸಿ ಒರೆಸಿ "ಗುಂಡಿ, ಎಡಕ್ಕೆ! ಎಮ್ಮೆ, ಬಲಕ್ಕೆ!" ಎಂದು ಕೂಗುತ್ತಿದ್ದೆ. ಆ ದಿನ ಅವನು ಕೇಳಲಿಲ್ಲ, ಆದರೂ ಅಭ್ಯಾಸಬಲದಿಂದ ಕೂಗುತ್ತಲೇ ಹೋದೆ. ಕೊಪ್ಪೆ ಜೋರಾಗಿ ತುಳಿಯಿತು. ನಾನೂ ಜೋರಾಗಿ ತುಳಿದೆ. ಕೊನೆಗೆ ಅದು ಯಾವುದೋ ಕೊಟ್ಟಿಗೆಗೆ ನುಗ್ಗಿತು, ನಾನೂ ನುಗ್ಗಿದೆ. ಕೊಪ್ಪೆಯೊಳಗಿನಿಂದ ನಡುಗುವ ಮುದುಕನೊಬ್ಬ ಕೈ ಮುಗಿದ.

"ನಿನ್ ದಮ್ಮಯ್ಯ, ಎಡಕ್ಕೆ ಅಂದ್ರೆ ಎಡಕ್ಕೆ ಬಂದೆ, ಬಲಕ್ಕೆ ಅಂದ್ರೆ ಬಲಕ್ಕೆ ಬಂದೆ. ಇನ್ನೇನಪ್ಪಾ ಬೇಕು ನಿಂಗೆ?"

ಕ್ಷಮೆ ಕೇಳಿ ವಾಪಸು ಬಂದರೆ, ಭಾವ ನಾವು ಒಬ್ಬರಿಂದೊಬ್ಬರು ತಪ್ಪಿಹೋದ ಜಾಗದಲ್ಲೇ ಹುಣಸೆಮರದ ಕೆಳಗೆ ತೊಯ್ದು ತೊಪ್ಪೆಯಾಗಿ ನಿಂತಿದ್ದ. "ಮನೆಗೆ ಹೋಗೋದಲ್ವಾ?" ಎಂದೆ. "ನೀನಿಲ್ದೆ ಎಂಗ್ ಓಗ್ಲಿ ಭಾವ?" ಎಂದ. ಇಂಥ ಭಾವ ಯಾರಿಗುಂಟು ಎಂದು ನನಗೆ ಹೆಮ್ಮೆಯಾಯಿತು. ಮನೆಯಲ್ಲಿ ಹೇಳಿದೆ, ಹೆಂಡತಿಗೂ ಹೆಮ್ಮೆಯಾಯಿತು.

ಹೊಗೆಸೊಪ್ಪು

ಬಸ್ಸಿನ ಡ್ರೈವರೊಬ್ಬ ಉಪಾಯ ಹೇಳಿಕೊಟ್ಟ. "ಗ್ಲಾಸಿಗೆ ಬೀಡಿ ತಂಬಾಕು ಉಜ್ಜಿ ಸಾ. ನೀರು ನಿಲ್ಲಾಕಿಲ್ಲ, ಜಾರ್ಕೊಂಡ್ ಓಯ್ತದೆ. ನಾವು ವೈಪರ್ ಕೆಟ್ರೆ ಅದೇ ಮಾಡಾದು."

ನಮ್ಮ ಹಳೆಯ ಸೂಪರ್‌ವೈಸರು ತಿ. ನರಸೀಪುರದಲ್ಲಿ ತೀರಿಕೊಂಡ ದಿನ ಅದನ್ನು ಪರೀಕ್ಷಿಸುವ ಕಾಲ ಬಂತು. ಆತ ಬದುಕಿದ್ದಷ್ಟು ದಿನ ನನಗೆ ರಜೆ ಕೊಟ್ಟವನಲ್ಲ. ಅವನು ಸತ್ತ ಮೇಲೇ ನನಗೆ ಒಂದು ದಿನ ರಜೆ ಸಿಕ್ಕಿದ್ದು. ನಾವಿಬ್ಬರೂ ಸೈಕಲ್ಲಿನಲ್ಲಿ ಹೊರಟಾಗ ಮಳೆ ಸುರಿಯುತ್ತಿತ್ತು. ಭಾವನ ಎಲೆಅಡಿಕೆ ಸಂಚಿಯಿಂದ ಹೊಗೆಸೊಪ್ಪು ತೆಗೆದು ಕನ್ನಡಕಕ್ಕೆ ಚೆನ್ನಾಗಿ ತಿಕ್ಕಿದೆ. ನಿಜವಾಗಿಯೂ ನೀರು ಜಾರಿಹೋಯಿತು. ಎಲ್ಲಿಗೆ ಎಂದರೆ, ಸೀದಾ ನನ್ನ ಕಣ್ಣಿಗೆ.

ಸಾವಿನ ಮನೆ ಮುಟ್ಟುವಾಗ ಕಣ್ಣು ಕೆಂಡ, ಮೂಗು ಬಾಯಲ್ಲೆಲ್ಲ ನೀರು. ಮಕ್ಕಳೇ ಅಳದೆ ಕೂತಿದ್ದ ಆ ಮನೆಯಲ್ಲಿ ನಾನೊಬ್ಬ ಬಿಕ್ಕುತ್ತಿದ್ದೆ. ಸತ್ತವನ ಹೆಂಡತಿ ಎದ್ದು ಬಂದು ನನ್ನ ತಲೆ ಸವರಿದರು. "ಇವ್ರು ಮನೇಲಿ ದಿನಾ ನಿನ್ನೇ ಬೈತಿದ್ರು ಕಣಪ್ಪ. ನೀನ್ ನೋಡುದ್ರೆ ಇಂಗ್ ಅಳ್ತೀಯಲ್ಲ!" ನನ್ನನ್ನು ಚಟ್ಟಕ್ಕೆ ಮುಂದಿನ ಹೆಗಲಾಗಿ ನಿಲ್ಲಿಸಿದರು. ಬದುಕಿದ್ದಾಗ ತಲೆ ಮೇಲೆ ಕೂತವನು ಸತ್ತ ಮೇಲೆ ಹೆಗಲ ಮೇಲೆ ಕೂತ.

ಇಷ್ಟರಲ್ಲಿ ಭಾವ ತಂದಿದ್ದ ಹೂವಿನ ಹಾರವನ್ನು ಹೆಣದ ಕಾಲಿಗೆ ಹಾಕಿಬಿಟ್ಟ. ಜನ ಗುಸುಗುಸು ಎಂದರು. "ದೊಡ್ಡೋರ್ಗೆ ಪಾದಕ್ಕೇ ಆಕ್ಬೇಕು" ಎಂದ ಗಂಭೀರವಾಗಿ. ಅವನ ಹಿಂದೆ ಬಂದವರೆಲ್ಲ ಕಾಲಿಗೇ ಹಾಕಿದರು.

ಹಲ್ಲು

ಒಂದು ದಿನ ಕೆಲಸ ಮುಗಿಸಿ ನಂಜನಗೂಡಿನಲ್ಲೇ ದವಡೆ ಹಲ್ಲು ಕೀಳಿಸಿಕೊಂಡೆ. ಬಾಯಿತುಂಬ ಹತ್ತಿ, ತುಟಿ ಮರಗಟ್ಟಿ ನನ್ನದೋ ಅಲ್ಲವೋ ಗೊತ್ತಾಗುತ್ತಿಲ್ಲ. ಅರ್ಧ ದಾರಿಗೆ ಮಳೆ ಹಿಡಿಯಿತು.

"ಮುಂದ್ಕೆ ಏನದೆ ಯೋಳು ಭಾವ."

"ಊಂ."

"ಊಂ ಅಂದ್ರೆ? ಎಡಕ್ಕೋ ಬಲಕ್ಕೋ?"

"ಊಂ ಊಂ!"

ಮುಂದೆ ಇದ್ದದ್ದು ಕಬ್ಬು ತುಂಬಿ ನಿಲ್ಲಿಸಿದ್ದ ಎತ್ತಿನಗಾಡಿ. ಭಾವ ಸೀದಾ ಹೋಗಿ ಅದಕ್ಕೆ ಗುದ್ದಿದ. ಆ ಸದ್ದು ಕೇಳಿದ್ದಕ್ಕೆ ನಾನು ಬ್ರೇಕ್ ಹಿಡಿದು ಉಳಿದೆ. ಗಾಡಿಯವನು ಓಡಿಬಂದು, ಹುಬ್ಬು ಸೀಳಿ ರಕ್ತ ಸುರಿಯುತ್ತಿದ್ದ ಭಾವನನ್ನು ಕಬ್ಬಿನ ನಡುವಿನಿಂದ ಎಳೆದ. "ಇಷ್ಟ್ ದೊಡ್ ಗಾಡಿ ಕಾಣ್ನಿಲ್ವೇನಯ್ಯ? ನೋಡು, ಕನ್ನಡ್ಕದವ್ರು ಎಂಗ್ ನೋಡ್ಕೊಂಡ್ ಬಂದವ್ರೆ!" ಎಂದು ನನ್ನನ್ನು ಹೊಗಳಿದ.

ಬಿಳಿ ಕೋಟು

ಭಾವನ ಹುಬ್ಬಿನ ಹೊಲಿಗೆ ನೋಡಿದ ಕಾರ್ಖಾನೆಯವರಿಗೆ ಅನುಮಾನ ಬಂತು. ಕಣ್ಣು ಸರಿಯಿದೆ ಎಂದು ಡಾಕ್ಟರಿಂದ ಬರೆಸಿಕೊಂಡು ಬಂದರೆ ಮಾತ್ರ ಕೆಲಸ ಎಂದರು. ಕಣ್ಣಿನ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಹೋಗುವಾಗಲೂ ಮಳೆ.

ಡಾಕ್ಟರು ಬಹಳ ಹೊತ್ತು ನೋಡಿದರು. "ಎಡಗಣ್ಣು ಹೋಗಿ ವರ್ಷಗಳೇ ಆಗಿವೆ. ಬಲಗಣ್ಣಿನ ನರ ಮುಕ್ಕಾಲು ಒಣಗಿದೆ. ಹೋದದ್ದು ಬರಲ್ಲ, ಉಳಿದಿದ್ದಕ್ಕೆ ಡ್ರಾಪ್ಸ್ ಹಾಕ್ಕೊಳ್ಳಿ" ಎಂದರು.

"ಕಣ್ಣು ಸರ್ಯಾಗದೆ ಅಂತ ಒಂದ್ ಮಾತ್ ಬರ್ಕೊಟ್ಬುಡಿ ಸಾ" ಎಂದ ಭಾವ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

"ಹೇಗ್ರೀ ಬರೀಲಿ? ಈ ಕಣ್ಣಲ್ಲಿ ಇಷ್ಟು ವರ್ಷ ಸೈಕಲ್ ಹೇಗೆ ಹೊಡೆದ್ರಿ?"

"ಮಳೇಲಿ ನಂಗೇನೂ ಕಾಣ್ತಿರ್ನಿಲ್ಲ ಸಾ. ನಮ್ ಭಾವನ್ನ ಕೇಳ್ಕೊಂಡ್ ಕೇಳ್ಕೊಂಡ್ ಓಡಿಸ್ತಿದ್ದೆ. ಅವನ್ಗೆ ಕನ್ನಡ್ಕ ಅದೆ, ಬಾಳ ಚೆನ್ನಾಗ್ ಕಾಣ್ತದೆ."

ಹುಣಸೆಮರ, ಹೆಣದ ಹಾರ, ಕಬ್ಬಿನ ಗಾಡಿ ಎಲ್ಲವೂ ಒಟ್ಟಿಗೆ ನನ್ನ ಎದೆಗೆ ಬಂದು ಗುದ್ದಿದವು. ಕಣ್ಣು ತುಂಬಿತು, ಈ ಸಲ ಹೊಗೆಸೊಪ್ಪಿಲ್ಲದೆಯೇ. ಕನ್ನಡಕ ತೆಗೆದು ಅಂಗಿಗೆ ಒರೆಸಿದೆ, ಅಂಗಿಯೂ ಒದ್ದೆ. ತಡೆಯಲಾಗದೆ ಮುಂದೆ ಹೋಗಿ, ಎದುರಿಗಿದ್ದ ಬಿಳಿ ಕೋಟಿಗೆ ಎರಡೂ ಕೈ ಮುಗಿದೆ. "ಸಾರ್, ದೊಡ್ಡ ಮನಸ್ಸು ಮಾಡಿ. ಇವನ ಅನ್ನ ಕೀಳಬೇಡಿ ಸಾರ್."

ಕೋಟು ಮಾತಾಡಲಿಲ್ಲ. ಡಾಕ್ಟರು ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದರು: "ನಾನಿಲ್ಲಿದ್ದೀನಿ. ಅದು ಮೊಳೆಗೆ ನೇತುಹಾಕಿರೋದು." ಬಾಗಿಲಲ್ಲಿದ್ದ ನರ್ಸು ಬಾಯಿಗೆ ಸೆರಗು ಒತ್ತಿಕೊಂಡು ಕಿಸಕ್ಕೆಂದಳು.

ಭಾವ ಗಾಳಿಯಲ್ಲಿ ತಡವಿ ನನ್ನ ತೋಳು ಹಿಡಿದ. "ಯಾಕ್ ನಗ್ತಾವ್ರೆ? ಮುಂದ್ಕೆ ಏನದೆ ಯೋಳು ಭಾವ."

"ಕೋಟು" ಎಂದೆ. "ಬರೀ ಕೋಟು."

"ಎಡಕ್ಕೋ, ಬಲಕ್ಕೋ?" ಎಂದ ಭಾವ.